ಮೀನು ಅರೆದ ಮರಳು

ಲಕ್ಷದ್ವೀಪದ ಕದ್ಮತ್‌ನಲ್ಲಿ ಮಾಸ್ಕ್ ತೊಟ್ಟು ಲಗೂನಿನ ನೀರಿಗೆ ಮುಖ ಇಳಿಸಿದರೆ, ಕರಕರ ಎಂದು ಯಾರೋ ಏನನ್ನೋ ಅಗಿಯುವ ಸದ್ದು ಕೇಳುತ್ತದೆ. ಅದು ಗಿಳಿಮೀನುಗಳ ಊಟದ ಹೊತ್ತು. ಹಸಿರು, ನೀಲಿ, ಗುಲಾಬಿ ಮೈಯ ಈ ಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆಯುತ್ತವೆ. ಪಾಚಿಯೊಂದಿಗೆ ಬಂದ ಸುಣ್ಣವನ್ನು ಗಂಟಲಲ್ಲೇ ಅರೆದು, ಬಿಳಿ ಪುಡಿಯಾಗಿ ಹಿಂದಿನಿಂದ ಬಿಡುತ್ತವೆ. ಪ್ರವಾಸಿ ಚಿತ್ರಗಳಲ್ಲಿ ಹೊಳೆಯುವ ಬೆಳ್ಳನೆ ಮರಳಿನಲ್ಲಿ ಈ ಮಲದ ಪಾಲು ಸಣ್ಣದಲ್ಲ. ಮಧುಚಂದ್ರಕ್ಕೆ ಹೊರಟವರಿಗೆ ಹೇಳಬೇಕೋ ಬೇಡವೋ!

ಹೀಗೆ ನೀರಿಗೆ ಮುಖ ಇಳಿಸಿ ನೋಡುವ ಸ್ನಾರ್ಕೆಲಿಂಗ್‌ಗೆ ಸಾಹಸ ಬೇಕಿಲ್ಲ. ಮಾಸ್ಕ್ ಮೂಗನ್ನು ಮುಚ್ಚಿರುತ್ತದೆ. ಕೊಳವೆಯಲ್ಲಿ ಬಾಯಿಂದ ನಿಧಾನವಾಗಿ ಉಸಿರಾಡುವುದನ್ನು ಕಲಿತರೆ ಅರ್ಧ ಗೆದ್ದಂತೆ. ಗಡಿಬಿಡಿ ಮಾಡಿದಷ್ಟೂ ಮೀನು ದೂರ.

ಅನಿಮೋನಿ ಎಂಬ ಕಡಲಜೀವಿಯ ಚುಚ್ಚುವ ಎಳೆಗಳ ನಡುವೆ ನಿರ್ಭಯವಾಗಿ ಸಂಸಾರ ಹೂಡಿರುವ ಕ್ಲೌನ್ ಮೀನನ್ನು ತಾಳ್ಮೆಯಿಂದ ನೋಡಬೇಕು. ಹುಟ್ಟುವಾಗ ಇವೆಲ್ಲ ಗಂಡೇ. ಗುಂಪಿನ ದೊಡ್ಡ ಮೀನು ಹೆಣ್ಣಾಗಿ ಆಳುತ್ತದೆ. ಅದು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗುತ್ತದೆ. ಇತ್ತ ಸಣ್ಣ ಕ್ಲೀನರ್ ರಾಸ್ ಮೀನು ತನಗಿಂತ ಎಷ್ಟೋ ದೊಡ್ಡ ಮೀನುಗಳ ಬಾಯೊಳಗೆ ಹೊಕ್ಕು ಪರೋಪಜೀವಿಗಳನ್ನು ಹೆಕ್ಕುತ್ತಿರುತ್ತದೆ.

ಇವರೆಲ್ಲರ ಮನೆ ಹವಳ. ಗಿಡದಂತೆ ಕಂಡರೂ ಅದು ಪ್ರಾಣಿ. ಮೈಯೊಳಗೆ ಸಾಕಿಕೊಂಡ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ತಯಾರಿಸುವ ಆಹಾರವೇ ಅದರ ಮುಖ್ಯ ಆಸರೆ. ಸಮುದ್ರ ವಾರಗಟ್ಟಲೆ ಕಾದರೆ ಹವಳ ಈ ಪಾಚಿಯನ್ನು ಹೊರದಬ್ಬಿ ಬಿಳುಚುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೇ ಆಯಿತು. ಎಲ್ಲ 36 ದ್ವೀಪ ಸೇರಿದರೂ ಸುಮಾರು 32 ಚದರ ಕಿಲೋಮೀಟರ್ ನೆಲ, ಅದೂ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ಅಲೆಗೆ ಅಡ್ಡ ನಿಂತಿರುವ ಹವಳದ ಗೋಡೆ ಕುಸಿದರೆ ಅಲ್ಲಿನವರಿಗೆ ಹೋಗಲು ಬೇರೆ ನೆಲವಿಲ್ಲ.

ಕನ್ನಡಿಗರಾದ ನಮಗೂ ಈ ದ್ವೀಪದವರಿಗೂ ನಂಟು ಹಳೆಯದು. ಕದ್ಮತ್ ಸೇರಿದಂತೆ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ಹಡಗುಗಳು ಇಂದಿಗೂ ಅತ್ತ ಸಾಮಾನು ಸಾಗಿಸುತ್ತವೆ.

ಹೋಗುವುದಾದರೆ ಪ್ರವೇಶ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ಬಿಸಿಲಿಗೆ ಕ್ರೀಮ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಈಜುಡುಗೆ ತೊಡಿ. ಈಜು ಬಾರದಿದ್ದರೆ ಲೈಫ್ ಜಾಕೆಟ್, ಜೊತೆಗೊಬ್ಬ ಗೈಡ್ ಇರಲಿ. ದಣಿವಾದರೆ ಮಲಗಿದಂತೆ ತೇಲಿ, ಹವಳದ ಮೇಲೆ ಮಾತ್ರ ಕಾಲೂರಬೇಡಿ. ಸತ್ತ ತುಂಡನ್ನೂ ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ರಕ್ಷಣೆಯಿದೆ.