ನಿಮಗಿದು ಗೊತ್ತೇ? ಗಾಂಜಾ ಕೇಸಿನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ...

ಗಾಂಜಾ 1 ಕೆ.ಜಿ. ಒಳಗಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ‘ಸಣ್ಣ ಪ್ರಮಾಣ’. ಗರಿಷ್ಠ ಶಿಕ್ಷೆ 1 ವರ್ಷ ಜೈಲು, ಇಲ್ಲವೇ 10 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಒಂದು ಕಿಲೋ ದಾಟಿತೋ, ಶಿಕ್ಷೆ 10 ವರ್ಷದವರೆಗೆ ಹೋಗಬಹುದು. 20 ಕೆ.ಜಿ. ಮೀರಿದರೆ 10 ವರ್ಷಕ್ಕಿಂತ ಕಡಿಮೆ ಕೊಡುವಂತೆಯೇ ಇಲ್ಲ.

ಎಂಡಿಎಂಎ ಎಂಬ ಕೃತಕ ಮಾದಕವಸ್ತುವಿಗೆ ‘ಸಣ್ಣ ಪ್ರಮಾಣ’ದ ಮಿತಿ ಅರ್ಧ ಗ್ರಾಂ! 10 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ.

ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ‘ಪ್ಲೀ ಬಾರ್ಗೇನಿಂಗ್’ ಅಮೆರಿಕದ ಸಿನಿಮಾಗಳಿಗಷ್ಟೇ ಸೇರಿದ್ದಲ್ಲ. ನಮ್ಮಲ್ಲೂ 2006ರ ಜುಲೈ 5ರಿಂದ ಇದೆ. ಇದು ಬರಲಿ ಎಂದವರಲ್ಲಿ ಕನ್ನಡಿಗ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿಯೂ ಒಂದು. ಆದರೆ 7 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಅಂದರೆ ಗಾಂಜಾ ಕಿಲೋ ದಾಟಿದ್ದರೆ ಆ ಮಾತೇ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮೊದಲ ಸಲದವರಿಗೆ ಇನ್ನಷ್ಟು ರಿಯಾಯಿತಿ ಕೊಟ್ಟಿದೆ. ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧವಾದರೆ ಗರಿಷ್ಠ ಶಿಕ್ಷೆಯ ಆರನೇ ಒಂದು ಭಾಗ. 1 ವರ್ಷ ಇದ್ದಲ್ಲಿ 2 ತಿಂಗಳು. ಆರೋಪ ನಿಗದಿಯಾದ 30 ದಿನಗಳೊಳಗೆ ಅರ್ಜಿ ಹಾಕಬೇಕು. ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು, ಮುಚ್ಚಿದ ಕೋಣೆಯಲ್ಲಿ ಆರೋಪಿಯನ್ನು ವಿಚಾರಿಸುತ್ತಾರೆ: ಇದು ನಿನ್ನ ಸ್ವಂತ ಇಚ್ಛೆಯೇ, ಯಾರಾದರೂ ಒತ್ತಾಯ ಮಾಡಿದರೇ ಎಂದು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯ ಜೀವಾಳ ಇದೇ. ಹೆದರಿದ ಹುಡುಗ ನಿಜ ಹೇಳಬಹುದಾದ ಜಾಗ ಅದು.

ಹೀಗೆ ಒಮ್ಮೆ ತೀರ್ಪಾದರೆ ಮೇಲ್ಮನವಿ ಇಲ್ಲ. ಹೈಕೋರ್ಟಿನಲ್ಲಿ ರಿಟ್, ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಅರ್ಜಿ, ಇವೆರಡೇ ದಾರಿ. ಶಿಕ್ಷೆ ಕಡಿಮೆಯಾದರೂ ‘ಅಪರಾಧಿ’ ಎಂಬ ದಾಖಲೆ ಉಳಿಯುತ್ತದೆ. ಮತ್ತೆ ಅಂಥದ್ದೇ ಅಪರಾಧ ಸಾಬೀತಾದರೆ ಶಿಕ್ಷೆ ಗರಿಷ್ಠದ ಒಂದೂವರೆ ಪಟ್ಟಿನವರೆಗೂ ಹೋಗಬಹುದು!

ಪ್ಲೀ ಬಾರ್ಗೇನಿಂಗ್‌ಗಿಂತ ಒಳ್ಳೆಯ ದಾರಿ ಇನ್ನೊಂದಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಮಾದಕವಸ್ತು ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ, ಮೊಕದ್ದಮೆಯಿಂದಲೇ ಪಾರಾಗುತ್ತಾನೆ. ಅರ್ಧಕ್ಕೆ ಬಿಟ್ಟು ಬಂದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಅಪರಾಧ ಸಾಬೀತಾದ ಮೇಲೂ 39ನೇ ಕಲಂನಡಿ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಲು ಕೋರ್ಟಿಗೆ ಅಧಿಕಾರವಿದೆ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಬೇರು 1845ರಷ್ಟು ಹಳೆಯದು. ಹಾಗಾಗಿ ಧಾರವಾಡದ ಕೆಲಗೇರಿಯವರು ಇಂಥ ವ್ಯಸನದ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕಿಲ್ಲ.

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ, ಸಹಾಯವಾಣಿ 15100. ವ್ಯಸನಮುಕ್ತಿಗೆ 14446.

ಕೆಲಗೇರಿಯಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಮಕ್ಕಳ ತಂದೆತಾಯಂದಿರೇ, ‘ಒಪ್ಪಿಕೊಂಡು ದಂಡ ಕಟ್ಟಿಬಿಡ್ರಿ, ಮುಗೀತದ’ ಎಂದು ಯಾರಾದರೂ ಹೇಳಿದರೆ, ಸಹಿ ಹಾಕುವ ಮುನ್ನ 64ಎ ಬಗ್ಗೆ ವಕೀಲರನ್ನು ಕೇಳಿ.