ಬೇಸಗೆಯ ರಜೆ, ಮಕ್ಕಳು ಮತ್ತು ನೀರು

ಚೈತ್ರ ವೈಶಾಖಗಳು ಬಂದುವೆಂದರೆ ಪಾಠಶಾಲೆಗಳ ಬಾಗಿಲು ಮುಚ್ಚುತ್ತದೆ; ಮಕ್ಕಳು ಅಜ್ಜನ ಮನೆಯ ದಾರಿಯನ್ನು ಹಿಡಿಯುತ್ತಾರೆ. ಆ ಎರಡು ತಿಂಗಳು ಗೃಹಸ್ಥರಿಗೆಲ್ಲ ಬಿಸಿಲಿನದೇ ಚಿಂತೆ. ಈ ಭಯವು ನಿರಾಧಾರವಾದುದಲ್ಲ. ಆದರೆ ಮಗುವನ್ನು ಬಿಸಿಲಿಗೆ ಬಿಡಲಂಜುವ ತಾಯ್ತಂದೆಗಳೇ ಅದು ಕೆರೆಯ ಕಡೆಗೆ ಹೊರಟರೆ ‘ಹೋಗಲಿ, ಮೈಯಾದರೂ ತಂಪಾದೀತು’ ಎಂದು ಸುಮ್ಮನಿರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ನೆಯ ಇಸವಿಯೊಂದರಲ್ಲಿಯೇ ಭೂಮಂಡಲದಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತರಾದರು. ಅವರಲ್ಲಿ ಹೆಚ್ಚು ಕಡಮೆ ನಾಲ್ಕರಲ್ಲಿ ಒಂದು ಪಾಲು ಐದು ವರ್ಷವೂ ತುಂಬದ ಶಿಶುಗಳು. ಆದುದರಿಂದ ನೀರಿನ ವಿಷಯವಾಗಿ ನಮ್ಮಲ್ಲಿ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ವಾಚಕರ ಮುಂದಿಡುವೆನು.

ಮುಳುಗುವವನು ಕೂಗಿಕೊಳ್ಳುತ್ತಾನೆ, ಕೈ ಬೀಸುತ್ತಾನೆ ಎಂಬುದು ಅವುಗಳಲ್ಲಿ ಮೊದಲನೆಯದು. ನಾಟಕಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಹಾಗೆ ನಡೆಯುತ್ತದೆ, ಕೆರೆಯಲ್ಲಿ ನಡೆಯುವುದಿಲ್ಲ. ಕೂಗಬೇಕಾದರೆ ಉಸಿರಿರಬೇಕು. ಬಾಯಿ ನೀರಿನ ಮೇಲೆ ಬಂದ ಒಂದು ಕ್ಷಣದಲ್ಲಿ ಮಗುವು ಉಸಿರೆಳೆದುಕೊಳ್ಳುವುದೋ, ಅಮ್ಮನನ್ನು ಕರೆಯುವುದೋ? ಕೈಗಳು ಮೇಲಕ್ಕೇಳದೆ ತಮಗೆ ತಾವೇ ನೀರನ್ನು ಕೆಳಕ್ಕೊತ್ತುತ್ತಿರುತ್ತವೆ. ಒಂದು ನಿಮಿಷ ತುಂಬುವುದರೊಳಗೆ ಎಲ್ಲವೂ ಸದ್ದಿಲ್ಲದೆ ಮುಗಿದುಹೋಗಬಹುದು. ಆದಕಾರಣ ‘ಇಲ್ಲಿಯೇ ಇದ್ದೇವೆ, ಕೂಗಿದರೆ ಕೇಳಿಸುತ್ತದೆ’ ಎಂದು ದಂಡೆಯ ಮೇಲೆ ಬುತ್ತಿ ಬಿಚ್ಚಿ ಹರಟುತ್ತ ಕುಳಿತವರ ಕಾವಲು ಕಾವಲಲ್ಲ. ಅಂಗೈಯ ದೂರವಾಣಿಯನ್ನು ನೋಡುತ್ತ ಕುಳಿತವರ ಮಾತನ್ನಂತೂ ಹೇಳಲೇಬೇಕಾಗಿಲ್ಲ. ಕಣ್ಣು ಮಗುವಿನ ಮೇಲಿರಬೇಕು. ಸಣ್ಣ ಮಗುವಾದರೆ ಕೈಗೆಟಕುವಷ್ಟು ಹತ್ತಿರವಿರಬೇಕು.

ನೀರು ಆಳವಾಗಿದ್ದರೆ ಮಾತ್ರ ಅಪಾಯವೆಂಬುದು ಇನ್ನೊಂದು. ಅಂಬೆಗಾಲಿಡುವ ಕೂಸಿಗೆ ದೇಹದ ಪ್ರಮಾಣಕ್ಕೆ ತಲೆಯು ಭಾರ. ಬಚ್ಚಲಿನ ಬಕೆಟ್ಟಿಗೆ ಬಗ್ಗಿ ತಲೆಕೆಳಗಾದರೆ ಅದು ತಾನಾಗಿ ಮೇಲೇಳಲಾರದು. ಒಂದು ಗೇಣು ನೀರೂ ಸಾಕು.

ನಮ್ಮ ನಾಡಿನಲ್ಲಿ ಈಗ ಹೊಸದೊಂದು ಅಪಾಯವೂ ಸೇರಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯ ಹೊಲಗಳಲ್ಲಿ ಕೃಷಿಹೊಂಡಗಳು ಬಹಳವಾದುವು. ರೈತನಿಗೆ ಇವುಗಳಿಂದಾದ ಉಪಕಾರವು ದೊಡ್ಡದು. ಆದರೆ ನೀರು ಇಂಗದಂತೆ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯು ಪಾಚಿ ಕಟ್ಟಿ ಜಾರುತ್ತದೆ. ಹಳೆಯ ಬಾವಿಗೆ ಮೆಟ್ಟಿಲಿತ್ತು, ಕೆರೆಗೆ ಸೋಪಾನವಿತ್ತು. ಇಲ್ಲಿ ಕಾಲೂರಲು ಹಿಡಿಮಣ್ಣೂ ಇಲ್ಲ. ಈಜು ಬಲ್ಲ ದೊಡ್ಡವರೂ ಇದರ ಇಳಿಜಾರನ್ನು ಹತ್ತಲಾರದೆ ಸೋಲುತ್ತಾರೆ. ಹೊಂಡದ ಸುತ್ತ ಬೇಲಿಯನ್ನು ಹಾಕಿಸಿ, ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಬಿಗಿದು ಒಳಗೆ ಇಳಿಬಿಟ್ಟಿದ್ದರೆ, ಬಿದ್ದವರಿಗೆ ಹಿಡಿದು ಹತ್ತಲು ಒಂದು ಆಧಾರವಾಗುತ್ತದೆ.

ಜಾತಕದಲ್ಲಿ ಜಲಗಂಡಾಂತರವಿದೆಯೆಂದು ಹೆದರಿ ಮಗುವಿಗೆ ಈಜನ್ನೇ ಕಲಿಸದವರಿದ್ದಾರೆ. ಸಂಸ್ಕೃತವನ್ನು ಓದಿದವನೆಂದು ಇಂಥ ಜಾತಕಗಳನ್ನು ನನ್ನ ಬಳಿಗೆ ತಂದವರೂ ಉಂಟು. ಗಂಡಾಂತರವು ನಿಜವೆಂದೇ ಇಟ್ಟುಕೊಳ್ಳೋಣ. ಆಗ ಈಜು ಇನ್ನೂ ಅವಶ್ಯಕವಲ್ಲವೇ? ಸೊಂಟಕ್ಕೆ ಒಣಸೋರೆಯ ಬುರುಡೆಯನ್ನು ಕಟ್ಟಿ, ಹಗ್ಗದ ತುದಿಯನ್ನು ತಾವು ಹಿಡಿದು ಬಾವಿಯಲ್ಲಿ ಕಲಿಸುತ್ತಿದ್ದ ಹಿರಿಯರು ಜಾಣರು. ಹೆಣ್ಣುಮಕ್ಕಳಿಗೂ ಇದನ್ನು ಕಲಿಸತಕ್ಕದ್ದು. ಆದರೆ ಬಾವಿಯಲ್ಲಿ ಕಲಿತ ಹುಡುಗನನ್ನು ಹೊಳೆಗೆ ಒಬ್ಬನನ್ನೇ ಬಿಡಬಾರದು. ಮರಳು ತೆಗೆದ ಗುಂಡಿಗಳು ಬೇಸಗೆಯ ತಿಳಿನೀರಿನ ಕೆಳಗೂ ಕಾಣಿಸವು. ಮೊಣಕಾಲುದ್ದದ ನೀರಿನಲ್ಲಿ ನಡೆಯುವವನಿಗೆ ಮುಂದಿನ ಹೆಜ್ಜೆಯಲ್ಲಿಯೇ ನೆಲ ಸಿಕ್ಕದೆ ಹೋಗಬಹುದು.

ಒಬ್ಬನು ಮುಳುಗುತ್ತಿರುವುದನ್ನು ಕಂಡೊಡನೆ ಮತ್ತೊಬ್ಬನು ಹಾರುವುದು ಧೈರ್ಯವೆನಿಸುತ್ತದೆ. ಹೀಗೆಯೇ ಒಂದೇ ಮನೆಯ ಇಬ್ಬರು ಮೂವರು ಹೋದುದನ್ನು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಮುಳುಗುವವನು ಸಿಕ್ಕಿದವರನ್ನು ಅಪ್ಪಿ ಹಿಡಿಯುತ್ತಾನೆ. ದಂಡೆಯಿಂದಲೇ ಸೀರೆಯನ್ನೋ, ಬಿದಿರುಗಳವನ್ನೋ, ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಡಬ್ಬವನ್ನೋ ಅವನಿಗೆ ನೀಡಬೇಕು. ಇದನ್ನು ಮಕ್ಕಳಿಗೂ ಹೇಳಿಕೊಟ್ಟಿರಬೇಕು, ಏಕೆಂದರೆ ಗೆಳೆಯನು ಬಿದ್ದಾಗ ಅಲ್ಲಿರುವವರು ಅವರೇ.

ಇನ್ನು ಎತ್ತಿ ತಂದ ಮೇಲಿನ ಮಾತು. ಮಗುವನ್ನು ತಲೆಕೆಳಗು ಮಾಡಿ ಗಿರಗಿರನೆ ತಿರುಗಿಸುವುದು, ಹೊಟ್ಟೆಯನ್ನು ಅಮುಕಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಹೊಟ್ಟೆಯಿಂದ ಬಂದುದು ಮತ್ತೆ ಶ್ವಾಸಕೋಶಕ್ಕೆ ಇಳಿಯಬಹುದು. ಅಮೂಲ್ಯವಾದ ನಿಮಿಷಗಳೂ ವ್ಯರ್ಥವಾಗುತ್ತವೆ. ಇದಕ್ಕಿಂತ ಘೋರವಾದುದು ಉಪ್ಪಿನ ವದಂತಿ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಗ್ರಾಮವೊಂದರಲ್ಲಿ, ಮುಳುಗಿ ಮೃತನಾದ ಬಾಲಕನನ್ನು ಉಪ್ಪಿನ ರಾಶಿಯಲ್ಲಿ ಹುದುಗಿಸಿ ಹೆತ್ತವರು ಗಂಟೆಗಟ್ಟಲೆ ಕಾದು ಕುಳಿತರು. ಹಾಗೆ ಮಾಡಿದರೆ ಜೀವ ಮರಳುವುದೆಂದು ಸಾಮಾಜಿಕ ಜಾಲತಾಣದಲ್ಲಿ ಯಾರೋ ಬರೆದಿದ್ದರು. ಆ ದಂಪತಿಗಳನ್ನು ನಗುವವರು ನಿರ್ದಯರು. ಅಂಥದನ್ನು ಬರೆದವರನ್ನೂ, ಓದದೆ ವಿಚಾರಿಸದೆ ಹತ್ತು ಮಂದಿಗೆ ಕಳುಹಿಸಿದವರನ್ನೂ ಏನೆನ್ನಬೇಕೋ ತಿಳಿಯದು.

ಮಾಡಬೇಕಾದುದು ಇಷ್ಟು: ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಉಸಿರಾಟವನ್ನು ನೋಡಬೇಕು, ಇನ್ನೊಬ್ಬರು ಕೂಡಲೇ 108ಕ್ಕೆ ಕರೆ ಮಾಡಬೇಕು. ಉಸಿರಿಲ್ಲದಿದ್ದರೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಗದ್ದವನ್ನೆತ್ತಿ, ಮೂಗನ್ನು ಮುಚ್ಚಿ, ಎದೆಯು ಏಳುವಂತೆ ಬಾಯಿಂದ ಬಾಯಿಗೆ ಉಸಿರನ್ನು ಊದಬೇಕು. ಕೂಸಾದರೆ ಬಾಯಿ ಮೂಗುಗಳೆರಡನ್ನೂ ನಮ್ಮ ಬಾಯಿಂದ ಮುಚ್ಚಿ ಮೆಲ್ಲನೆ ಊದತಕ್ಕದ್ದು. ಬಳಿಕ ಎದೆಯ ನಡುವಣ ಎಲುಬನ್ನು 30 ಬಾರಿ ವೇಗವಾಗಿ ಒತ್ತಿ, 2 ಬಾರಿ ಊದಿ, ವೈದ್ಯರ ನೆರವು ಬರುವವರೆಗೆ ನಿಲ್ಲಿಸದೆ ಮುಂದುವರಿಸಬೇಕು. ಮಗುವು ಕಣ್ದೆರೆದು ಮಾತನಾಡಿದರೂ ಅದನ್ನು ಆಸ್ಪತ್ರೆಗೆ ಒಯ್ಯದಿರಬಾರದು. ನೀರು ಹೊಕ್ಕ ಶ್ವಾಸಕೋಶವು ಕೆಲವು ಗಂಟೆಗಳ ಮೇಲೆಯೂ ಕೆಡುವುದುಂಟು.