ನಾಪೋಕ್ಲು ಮೈದಾನದಲ್ಲಿ ಹನ್ನೊಂದು ಜಾಗ

ಏಪ್ರಿಲ್ ಬಿಸಿಲಿಗೆ ನಾಪೋಕ್ಲಿನ ಚೆರಿಯಪರಂಬು ಮೈದಾನ ಕಾದಿದೆ. ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಈ ಹಬ್ಬಕ್ಕೆ 2024ರಲ್ಲಿ 360 ಕುಟುಂಬಗಳ ತಂಡಗಳು ಬಂದವು. ಒಂದೇ ಮನೆಹೆಸರಿನ ಅಜ್ಜ, ಸೊಸೆ, ಮೊಮ್ಮಗಳು ಒಂದೇ ಬಣ್ಣದ ಅಂಗಿ ತೊಟ್ಟು ಇಳಿಯುತ್ತಾರೆ. ಆಟದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಕಲಿಯುವವರು ಇಲ್ಲಿಗೇ ಬರಬೇಕು. ಹಿರಿಯರು ಜಾಗ ಹೇಳಿಕೊಡುವುದು ಆಟದ ನಡುವೆಯೇ, ಇಡೀ ಮೈದಾನಕ್ಕೆ ಕೇಳುವಂತೆ.

ಫುಟ್‌ಬಾಲ್ ನೋಡಿದವರಿಗೆ ಹಾಕಿಯ ಈ ಜಾಗಗಳು ಹೊಸತೆನಿಸವು. 1973ರ ಹಾಕಿ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್ ಕೂಡ ಮೊದಲು ಫುಟ್‌ಬಾಲ್ ಆಡಿದವರೇ.

ಗೋಲಿನ ಮುಂದೆ ದಪ್ಪ ಪ್ಯಾಡ್ ಕಟ್ಟಿದ ಹುಡುಗ ಒಂದೇ ಸಮನೆ ಕೂಗುತ್ತಿದ್ದಾನೆ. ಇಡೀ ಆಟ ಎದುರಿಗೆ ಕಾಣುವುದು ಗೋಲ್‌ಕೀಪರ್‌ಗೊಬ್ಬನಿಗೇ. ತಡೆಯುವಷ್ಟೇ ಎಚ್ಚರಿಸುವುದೂ ಅವನ ಹೊಣೆ. ಎ.ಬಿ. ಸುಬ್ಬಯ್ಯ ಭಾರತಕ್ಕೆ ಕಾದದ್ದು ಈ ಜಾಗ. ಗೋಲ್‌ಕೀಪರ್ ಮುಂದೆ ಫುಲ್‌ಬ್ಯಾಕ್‌ಗಳು. ನರೆತ ಮೀಸೆಯ ದೊಡ್ಡಪ್ಪ ಓಡುವುದೇ ಇಲ್ಲ, ಚೆಂಡು ಬರುವ ದಾರಿಯಲ್ಲಿ ಮೊದಲೇ ನಿಂತಿರುತ್ತಾರೆ. ವಿ.ಆರ್. ರಘುನಾಥ್ ಈ ಸಾಲಿನವರು. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಮುಂದೆ ಬಂದು ಗೋಲನ್ನೂ ಹೊಡೆಯುತ್ತಿದ್ದರು.

ನನ್ನ ಕಣ್ಣು ಮಾತ್ರ ಸದಾ ನಡುವಿನ ಹಾಫ್‌ಗಳ ಮೇಲೆ. ಹಿಂದಿನವರಿಂದ ಚೆಂಡು ಪಡೆದು, ತಲೆ ಎತ್ತಿ ನೋಡಿ, ಎಡಕ್ಕೋ ಬಲಕ್ಕೋ ದಾಟಿಸಬೇಕು. ಕಳೆದುಕೊಂಡರೆ ತಾವೇ ಹಿಂದೆ ಓಡಬೇಕು. ಕೈಮಗ್ಗದ ಲಾಳಿಯಂತೆ ಅವರದು ಬಿಡುವಿಲ್ಲದ ಓಡಾಟ. ಗೋಲು ಹೊಡೆದವರ ಹೆಸರು ಮೈಕಿನಲ್ಲಿ ಮೊಳಗುತ್ತದೆ, ಹಾಫ್ ಹೆಸರು ಕೇಳಿಬರುವುದು ಅಪರೂಪ. ಆದರೆ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ, 1988ರ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯನವರ ಆಟ ನೋಡಿದವರಿಗೆ ಆ ಜಾಗದ ಬೆಲೆ ಗೊತ್ತು.

"ಎಲ್ಲರೂ ಚೆಂಡಿನ ಹಿಂದೆ ಓಡಬೇಡಿ! ಗೆರೆ ಹಿಡಿದು ನಿಲ್ಲು ಮಗಳೇ!" ದೊಡ್ಡಪ್ಪನ ಕೂಗು ಮುಂದಿನ ಸಾಲಿನಲ್ಲಿ, ಬಲ ಅಂಚಿನಲ್ಲಿ ಫಾರ್ವರ್ಡ್ ಆಡುವ ಹುಡುಗಿಗೆ. ಅವಳು ಸರಿದು ನಿಂತಳು, ಎದುರಾಳಿಗಳು ಅವಳ ಕಡೆ ಚದುರಿದರು, ನಡುವೆ ದಾರಿ ತೆರೆಯಿತು. ಹಾಕಿಯಲ್ಲಿ ಈಗ ಆಫ್‌ಸೈಡ್ ಇಲ್ಲ, ಫಾರ್ವರ್ಡ್ ಗೋಲಿನ ಬಳಿಯೇ ಕಾಯಬಹುದು. ಫುಟ್‌ಬಾಲ್‌ನಲ್ಲಿ ಹಾಗೆ ನಿಂತವನಿಗೆ ಚೆಂಡು ಕೊಟ್ಟರೆ ಸೀಟಿ ಬೀಳುತ್ತದೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಹೆಸರಾದದ್ದು ಇಂಥ ದಾರಿ ಕಂಡೊಡನೆ ನುಗ್ಗುವ ವೇಗಕ್ಕೆ.

ಹುಡುಗಿಯೂ ನುಗ್ಗಿದಳು, ಹೊಡೆದಳು. ಚೆಂಡು ಕಂಬದ ಪಕ್ಕದಿಂದ ಹೊರಗೆ ಹೋಯಿತು. ಆಗಲೇ ಅವಳು ತಿರುಗಿ ಓಡುತ್ತಿದ್ದಳು: ಎದುರಾಳಿ ಫುಲ್‌ಬ್ಯಾಕ್ ಹಿಟ್ ತೆಗೆಯುವ ಮೊದಲೇ ಅವನ ದಾರಿ ಮುಚ್ಚಬೇಕು, ಅದೂ ಫಾರ್ವರ್ಡ್ ಕೆಲಸವೇ.